ಭಾವಚಿತ್ರದಲ್ಲಿ ಭಾವವೆಲ್ಲಿ?

ಪ್ರತಿವರ್ಷ ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಬೀಳ್ಕೊಡುವ ಸಮಾರಂಭಕ್ಕೆ ಎರಡು ದಿನ ಮುಂಚೆ ನಮ್ಮ ವಿದ್ಯಾಲಯದ ಅಂಗಳದಲ್ಲಿ ಒಂದು ವಿಚಿತ್ರ ರೂಪಾಂತರ ಜರುಗುತ್ತದೆ. ಅದುವರೆಗೆ ಬೇವಿನ ಮರದ ನೆರಳಿನಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಕೇಕೆ ಹಾಕುತ್ತಿದ್ದ ನಲವತ್ತೈದು ಮಕ್ಕಳು, ಬೆಂಚುಗಳ ಮೇಲೆ ಸಾಲಾಗಿ ನಿಂತೊಡನೆ ನಲವತ್ತೈದು ಕಲ್ಲುಗಂಬಗಳಾಗಿಬಿಡುತ್ತಾರೆ. ತುಟಿಗಳು ಬಿಗಿಯುತ್ತವೆ, ಹೆಗಲುಗಳು ಕಿವಿಯತ್ತ ಏರುತ್ತವೆ, ಕೈಗಳು ತಮ್ಮವಲ್ಲವೋ ಎಂಬಂತೆ ತೊಡೆಗಳಿಗೆ ಅಂಟಿಕೊಳ್ಳುತ್ತವೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ವಿರಾಜಮಾನರಾದ ಅಧ್ಯಾಪಕರಾದ ನಾವಾದರೂ ಈ ಮಾತಿಗೆ ಹೊರತಲ್ಲ. ಮೊಣಕಾಲುಗಳ ಮೇಲೆ ಅಂಗೈಗಳನ್ನೂರಿ, ಬಾಕಿ ವಸೂಲಿಗೆ ಬಂದ ಸಾಹುಕಾರರಂತೆ ಎದುರಿಗೆ ದಿಟ್ಟಿಸುತ್ತೇವೆ. ಛಾಯಾಗ್ರಾಹಕರು “ಆಯಿತು” ಎಂದ ಮರುಕ್ಷಣವೇ ಎಲ್ಲರಿಗೂ ಹೋದ ಜೀವ ಬಂದಂತಾಗಿ ನಗೆಯ ಅಲೆಯೇಳುತ್ತದೆ. ಆದರೆ ಆ ನಗೆ ಚಿತ್ರದಲ್ಲಿರುವುದಿಲ್ಲ. ಚಿತ್ರದಲ್ಲಿ ಉಳಿಯುವುದು ಅದಕ್ಕೆ ಹಿಂದಿನ ಕ್ಷಣದ ನಿರ್ಜೀವತೆ ಮಾತ್ರ.

ನಮ್ಮ ನುಡಿಯಲ್ಲಿ ಮನುಷ್ಯನ ಮುಖವನ್ನು ಹಿಡಿದಿಟ್ಟ ಚಿತ್ರಕ್ಕೆ ‘ಭಾವಚಿತ್ರ’ವೆಂಬ ಅರ್ಥವತ್ತಾದ ಹೆಸರು ಬಳಕೆಯಲ್ಲಿದೆ. ಆಕಾರಚಿತ್ರವೆಂದಾಗಲಿ ರೂಪಚಿತ್ರವೆಂದಾಗಲಿ ನಾವು ಅದನ್ನು ಕರೆಯುವುದಿಲ್ಲ. ಮೂಗು, ಕಣ್ಣು, ಹಣೆಗಳ ಅಳತೆಯಷ್ಟೇ ಅಲ್ಲದೆ ಒಳಗಿನ ಭಾವವೂ ಅಲ್ಲಿ ಮೂಡಿರಬೇಕೆಂಬ ನಿರೀಕ್ಷೆ ಆ ಪದದಲ್ಲಿಯೇ ಅಡಗಿದೆ. ಹೀಗಿರುವಾಗ ನಮ್ಮ ಮನೆಯ ಗೋಡೆಗಳ ಮೇಲೆ, ನಮ್ಮ ಶಾಲೆಯ ಪಡಸಾಲೆಯಲ್ಲಿ, ನಮ್ಮ ಕಡತಗಳಲ್ಲಿ ತುಂಬಿಕೊಂಡಿರುವ ಅಸಂಖ್ಯ ಭಾವಚಿತ್ರಗಳಲ್ಲಿ ಭಾವವೆಲ್ಲಿದೆ ಎಂದು ಕೇಳಿಕೊಳ್ಳುವುದು ಅಪ್ರಸ್ತುತವಾಗಲಾರದು. ವ್ಯಾಕರಣ, ಛಂದಸ್ಸುಗಳನ್ನು ಹೇಳಿಕೊಡುವ ಪಂಡಿತನಿಗೆ ಛಾಯಾಗ್ರಹಣದ ಗೊಡವೆಯೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಒಂದು ಸಣ್ಣ ಘಟನೆ ನನ್ನನ್ನು ಈ ವಿಚಾರಕ್ಕೆ ಎಳೆತಂದಿತು.

ಕಳೆದ ವರ್ಷದ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕುಮಾರವ್ಯಾಸನ ಷಟ್ಪದಿಯನ್ನು ಅವನು ವಾಚಿಸತೊಡಗಿದರೆ ಪಕ್ಕದ ಕೊಠಡಿಯ ಗದ್ದಲವೂ ಅಡಗುತ್ತಿತ್ತು. ಅಂಥವನು ಸಮೂಹಚಿತ್ರ ತೆಗೆಯುವ ದಿನ ಹಿಂದಿನ ಸಾಲಿನಲ್ಲಿ ಎತ್ತರದ ಗೆಳೆಯನ ಬೆನ್ನಿಗೆ ಮರೆಯಾಗಿ ನಿಂತಿದ್ದ. ಮುಂದೆ ಬಾರೆಂದು ಕರೆದೆ. ತಲೆ ತಗ್ಗಿಸಿ, “ನಾ ಇಲ್ಲೇ ನಿಲ್ತೇನ್ರಿ ಸರ. ನನ್ನ ಫೋಟೋ ಛಲೋ ಬರೂದಿಲ್ರಿ, ಮಾರಿ ಕರ್ರಗ ಬೀಳ್ತದ” ಎಂದ. ಪಕ್ಕದವರು ನಕ್ಕರು. ಸಮಯವಾಯಿತೆಂದು ಛಾಯಾಗ್ರಾಹಕರು ಅವಸರಪಡಿಸಿದರು; ನಾನೂ ಸುಮ್ಮನಾದೆ. ವಾರದ ನಂತರ ಪ್ರತಿಗಳು ಬಂದಾಗ ಎಣಿಸಿ ನೋಡಿದೆ. ಚಿತ್ರದ ಕೆಳಗೆ ನಲವತ್ತೈದು ಹೆಸರುಗಳು ಅಚ್ಚಾಗಿದ್ದವು, ಮುಖಗಳು ನಲವತ್ತನಾಲ್ಕೇ. ಆ ಹುಡುಗನ ಹೆಸರಿನ ನೇರಕ್ಕೆ ಕಂಡದ್ದು ಒಂದಿಷ್ಟು ಕೂದಲು, ಅರ್ಧ ಹಣೆ. ಐದು ವರ್ಷ ನಮ್ಮಲ್ಲಿ ಕಲಿತವನೊಬ್ಬ ತನ್ನ ಮುಖವನ್ನು ನಮ್ಮ ನೆನಪಿಗೆ ಕೊಡಲು ನಾಚಿ ಹೊರಟುಹೋದನೆಂದರೆ, ಅದು ಅವನ ದೋಷವೆಂದು ನನಗೆ ಅನ್ನಿಸಲಿಲ್ಲ. ಅದು ನಮ್ಮ ಶಿಕ್ಷಣದಲ್ಲಿ ಉಳಿದ ಒಂದು ಬಾಕಿಯೆಂದೇ ತೋರಿತು.

ಕ್ಯಾಮೆರಾದ ಮುಂದೆ ಧೈರ್ಯವಾಗಿ, ಸಹಜವಾಗಿ ಕಾಣಿಸಿಕೊಳ್ಳುವುದು ಚೆಲುವಿನ ವಿಷಯವಲ್ಲ, ಅಭಿನಯದ ವಿಷಯವೂ ಅಲ್ಲ. ಅದು ಇನ್ನೊಬ್ಬರ ನೋಟವನ್ನು ಅಂಜದೆ, ಅಹಂಕರಿಸದೆ ಎದುರಿಸುವ ಸಂಸ್ಕಾರದ ವಿಷಯ. ಈ ಸಂಸ್ಕಾರವನ್ನು ಕಲಿಯಬಹುದು, ಕಲಿಸಬಹುದು, ಕಲಿಸಲೇಬೇಕು ಎಂಬುದು ಈ ಲೇಖನದ ಪ್ರತಿಪಾದ್ಯ.

ಮೊದಲಿಗೆ ಈ ಬಿಗಿತ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸೋಣ. ಫ್ರಾನ್ಸಿನ ಡಾಗೇರ್ ಎಂಬಾತನ ಛಾಯಾಗ್ರಹಣ ವಿಧಾನ 1839ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಅದಕ್ಕೆ ಹಿಂದಿನ ವರ್ಷ ಆತ ಪ್ಯಾರಿಸ್ ನಗರದ ಒಂದು ರಾಜಬೀದಿಯನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದ್ದ. ಜನರೂ ಬಂಡಿಗಳೂ ಓಡಾಡುತ್ತಿದ್ದ ಆ ಬೀದಿ ಚಿತ್ರದಲ್ಲಿ ಹೆಚ್ಚುಕಡಿಮೆ ಬರಿದಾಗಿದೆ. ಫಲಕದ ಮೇಲೆ ಬೆಳಕು ನಿಮಿಷಗಟ್ಟಲೆ ಬೀಳಬೇಕಾಗಿದ್ದುದರಿಂದ, ಚಲಿಸಿದ ಯಾರೂ ಅದರಲ್ಲಿ ಮೂಡಲಿಲ್ಲ. ಒಂದೆಡೆ ನಿಂತು ಬೂಟುಗಳಿಗೆ ಪಾಲಿಶು ಮಾಡಿಸಿಕೊಳ್ಳುತ್ತಿದ್ದ ಒಬ್ಬ ಮನುಷ್ಯನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿದಿದೆ. ಅಲುಗಿದವನು ಅಳಿದ, ನಿಂತವನು ಉಳಿದ ಎಂಬುದೇ ಛಾಯಾಚಿತ್ರದ ಮೊದಲ ಶಾಸನವಾಯಿತು. ಆಮೇಲಿನ ದಶಕಗಳ ಚಿತ್ರಶಾಲೆಗಳಲ್ಲಿ, ಕುಳಿತವರ ತಲೆ ಕದಲದಂತೆ ಹಿಂದಿನಿಂದ ಆತುಕೊಳ್ಳಲು ಕಬ್ಬಿಣದ ಹಿಡಿಕೆಯ ಕಂಬಗಳನ್ನು ನಿಲ್ಲಿಸುತ್ತಿದ್ದರು. ಅಷ್ಟು ಹೊತ್ತು ನಗೆಯನ್ನು ಒಂದೇ ಸಮನೆ ಹಿಡಿದಿರುವುದು ಯಾರಿಂದ ಸಾಧ್ಯ? ಗಂಭೀರವಾಗಿ, ತುಟಿ ಮುಚ್ಚಿ, ಕಲ್ಲಿನಂತೆ ಕುಳಿತುಕೊಳ್ಳುವುದೇ ಮರ್ಯಾದೆಯೆನಿಸಿತು.

ನಮ್ಮ ನಾಡಿಗೂ ಈ ಯಂತ್ರ ಬೇಗನೆ ಬಂದಿತು. 1850ರ ದಶಕದಲ್ಲಿ ಬಿಗ್ಸ್, ಪಿಗೌ ಮೊದಲಾದ ಆಂಗ್ಲರು ವಿಜಾಪುರ, ಧಾರವಾಡ, ಮೈಸೂರು ಸೀಮೆಗಳ ಗುಡಿಗುಮ್ಮಟಗಳ ಚಿತ್ರಗಳನ್ನು ತೆಗೆದರು. ಅವು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಕಲ್ಲಿನ ಕಂಬಕ್ಕೆ ಉಸಿರು ಬಿಗಿಹಿಡಿಯುವ ಕಷ್ಟವಿಲ್ಲ. ಅದು ಎಷ್ಟು ಹೊತ್ತಾದರೂ ನಿಂತೀತು. ಮನುಷ್ಯನ ಪಾಡು ಹಾಗಲ್ಲ. ಆದರೆ ಯಂತ್ರ ಸುಧಾರಿಸಿದಂತೆ ಈ ಕಷ್ಟಕ್ಕೆ ಕಾರಣವೇ ಇಲ್ಲವಾಯಿತು. ಇಂದು ಹಗಲ ಬೆಳಕಿನಲ್ಲಿ ಸೆಕೆಂಡಿನ ನೂರಿಪ್ಪತ್ತೈದನೆಯ ಒಂದು ಪಾಲು ಸಾಕು, ಚಿತ್ರ ಮೂಡಿರುತ್ತದೆ. ಕಾರಣ ಹೋದರೂ ಆಚಾರ ಉಳಿಯುವುದು ಲೋಕದ ರೂಢಿಯಷ್ಟೆ. ಕಬ್ಬಿಣದ ಕಂಬ ಹಿಂದಿಲ್ಲ. ಅದು ನಮ್ಮ ಮನಸ್ಸಿನಲ್ಲಿ ನಿಂತಿದೆ. “ಅಲುಗಾಡಬೇಡಿ, ಉಸಿರು ಬಿಗಿಹಿಡಿಯಿರಿ” ಎಂಬ ಮಾತು ಇಂದಿಗೂ ನಮ್ಮ ಅಂಗಳಗಳಲ್ಲಿ ಕೇಳಿಬರುತ್ತದೆ.

ಇನ್ನು ಬಿಗಿತದ ಒಳಗಿನ ಕಾರಣ. ಭರತಮುನಿಯ ನಾಟ್ಯಶಾಸ್ತ್ರವನ್ನು ಓದಿದವರಿಗೆ ಎಂಟು ಸಾತ್ತ್ವಿಕ ಭಾವಗಳ ಪರಿಚಯವಿರುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬಿವು. ದೇಹ ಮರಗಟ್ಟುವುದು ಸ್ತಂಭ, ಬೆವರುವುದು ಸ್ವೇದ, ನಡುಗುವುದು ವೇಪಥು, ಬಣ್ಣಗೆಡುವುದು ವೈವರ್ಣ್ಯ. ಕ್ಯಾಮೆರಾದ ಮುಂದೆ ಮೊದಲ ಸಲ ನಿಂತ ಹಳ್ಳಿಯ ಹುಡುಗನಲ್ಲಿ ಇವುಗಳಲ್ಲಿ ನಾಲ್ಕನ್ನಾದರೂ ಯಾರು ಬೇಕಾದರೂ ಗುರುತಿಸಬಹುದು. ಈ ಭಾವಗಳ ವೈಶಿಷ್ಟ್ಯವೇನೆಂದರೆ, ಕೈಕಾಲುಗಳ ಚಲನೆಯಂತೆ ಇವು ಆಜ್ಞೆಗೆ ಒಳಪಟ್ಟವಲ್ಲ. “ಬೆವರಬೇಡ” ಎಂದರೆ ಬೆವರು ನಿಲ್ಲದು. “ನಾಚಬೇಡ” ಎಂದರೆ ನಾಚಿಕೆ ಇಮ್ಮಡಿಸುತ್ತದೆ. “ಸಹಜವಾಗಿರು” ಎಂದರೆ ಇದ್ದ ಸಹಜತೆಯೂ ಓಡಿಹೋಗುತ್ತದೆ.

ನಗೆಯ ವಿಚಾರದಲ್ಲಿಯೂ ಇದೇ ಸತ್ಯ. ನಾಟ್ಯಶಾಸ್ತ್ರವು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ನಗೆಯಲ್ಲಿ ಆರು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ಉತ್ತಮರಿಗೆ ಸಲ್ಲುವ ಸ್ಮಿತದಲ್ಲಿ ಹಲ್ಲುಗಳು ಕಾಣುವುದೇ ಇಲ್ಲ. ಕೆನ್ನೆಗಳು ಕೊಂಚ ಅರಳುತ್ತವೆ, ನೋಟ ಸೊಗಸುತ್ತದೆ. ಹಸಿತದಲ್ಲಿ ಬಾಯಿಯೊಡನೆ ಕಣ್ಣುಗಳೂ ಅರಳಬೇಕು. ಎಷ್ಟೋ ಶತಮಾನಗಳ ಅನಂತರ, 1862ರಲ್ಲಿ, ಡ್ಯುಷೆನ್ ಎಂಬ ಫ್ರೆಂಚ್ ವೈದ್ಯ ಮುಖದ ಸ್ನಾಯುಗಳನ್ನು ಪರೀಕ್ಷಿಸಿ, ಛಾಯಾಚಿತ್ರಗಳ ಸಮೇತ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದಕ್ಕೆ ಸಮೀಪವಾದ ನಿರ್ಣಯಕ್ಕೆ ಬಂದ. ತುಟಿಯಂಚುಗಳನ್ನು ಎಳೆಯುವ ಸ್ನಾಯು ನಮ್ಮ ಇಚ್ಛೆಗೆ ಮಣಿಯುತ್ತದೆ. ಕಣ್ಣಿನ ಸುತ್ತಲಿನ ಸ್ನಾಯುವಾದರೋ ನಿಜವಾದ ಸಂತೋಷಕ್ಕೆ ಮಾತ್ರ ಮಣಿಯುತ್ತದೆ ಎಂಬುದು ಆತನ ಮತ. ಆದುದರಿಂದಲೇ ಹಲ್ಲು ಕಿರಿಸುವ ಉಪಾಯಗಳಿಂದ ಹುಟ್ಟಿದ ನಗೆ ಬಾಯಿಯಲ್ಲಿಯೇ ಉಳಿದು ಕಣ್ಣನ್ನು ಮುಟ್ಟುವುದಿಲ್ಲ. ನೋಡುವವರಿಗೆ ಅದು ಒಡನೆಯೇ ತಿಳಿದುಬಿಡುತ್ತದೆ.

ಹಾಗಾದರೆ ದಾರಿಯೇನು? ಸತ್ತ್ವವು ಮನಸ್ಸಿನಿಂದ ಹುಟ್ಟುವುದೆಂದೂ, ಮನಸ್ಸು ಸಮಾಹಿತವಾದಾಗ, ಎಂದರೆ ಒಂದೆಡೆ ನೆಲೆಗೊಂಡಾಗ, ಅದು ಸಿದ್ಧಿಸುವುದೆಂದೂ ಭರತನ ಆಶಯ. ನನ್ನ ಬುದ್ಧಿಗೆ ತೋರಿದಂತೆ ಇಡೀ ಸಮಸ್ಯೆಯ ಕೀಲಿಕೈ ಇಲ್ಲಿದೆ. ಕ್ಯಾಮೆರಾದ ಮುಂದೆ ನಿಂತವನ ಮನಸ್ಸು ನೂರು ಕಡೆ ಚದುರಿರುತ್ತದೆ. ಅಂಗಿಯ ಗುಂಡಿ ಸರಿಯಿದೆಯೇ, ಮೂಗು ದಪ್ಪ ಕಂಡೀತೇ, ಪಕ್ಕದವನು ನಕ್ಕನೇ ಎಂಬ ಚಿಂತೆಗಳಲ್ಲಿ ಅವನು ತನ್ನನ್ನು ತಾನೇ ಹೊರಗಿನಿಂದ ನೋಡಿಕೊಳ್ಳುತ್ತಿರುತ್ತಾನೆ. ಇದ್ದವನೂ ತಾನೇ, ಕಾವಲುಗಾರನೂ ತಾನೇ. ಅದೇ ಹುಡುಗನ ಮನಸ್ಸನ್ನು ಒಂದು ಕೆಲಸದಲ್ಲಿ, ಒಂದು ಮಾತಿನಲ್ಲಿ, ಒಬ್ಬ ಗೆಳೆಯನಲ್ಲಿ ನೆಲೆಗೊಳಿಸಿ ನೋಡಿ. ಕಾವಲುಗಾರ ಕರಗಿಹೋಗುತ್ತಾನೆ; ಮುಖ ತಾನೇ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅನೇಕರು “ನನ್ನ ಚಿತ್ರ ನನಗೇ ಸೇರದು” ಎನ್ನುವುದುಂಟು. ಇದಕ್ಕೆ ಒಂದು ಸರಳ ಕಾರಣವಿದೆ. ನಮ್ಮ ಮುಖವನ್ನು ನಾವು ದಿನವೂ ಕಾಣುವುದು ಕನ್ನಡಿಯಲ್ಲಿ. ಅಲ್ಲಿ ಎಡಬಲಗಳು ಅದಲುಬದಲಾಗಿರುತ್ತವೆ. ಬೈತಲೆ ಒಂದು ಬದಿಗೆ, ಮಚ್ಚೆ ಇನ್ನೊಂದು ಬದಿಗೆ. ಛಾಯಾಚಿತ್ರವು ಲೋಕ ಕಾಣುವ ಮುಖವನ್ನು ತೋರಿಸುತ್ತದೆ. ಅದು ನಮಗೆ ಅಪರಿಚಿತ. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಒಬ್ಬರದೇ ಮುಖದ ನೇರ ಪ್ರತಿಯನ್ನೂ ಕನ್ನಡಿಯಂತೆ ತಿರುಗಿಸಿದ ಪ್ರತಿಯನ್ನೂ ಮುಂದಿಟ್ಟು ಪರೀಕ್ಷಿಸಿದರು. ಚಿತ್ರದಲ್ಲಿದ್ದವರು ಹೆಚ್ಚಾಗಿ ಕನ್ನಡಿಯ ಮುಖವನ್ನು ಮೆಚ್ಚಿದರು. ಅವರ ಆಪ್ತರು ನೇರ ಮುಖವನ್ನು ಮೆಚ್ಚಿದರು. ನಮಗೆ ಸೊಟ್ಟಗೆ ತೋರುವ ಮುಖವೇ ನಮ್ಮವರಿಗೆ ಪ್ರಿಯವಾದ ಮುಖವೆಂಬುದು ಎಂತಹ ಸಮಾಧಾನದ ಸಂಗತಿ!

ಎರಡನೆಯದು ದೂರದ ಮಾತು. ಈಗಿನ ಮಕ್ಕಳು ಕೈಫೋನನ್ನು ಮೊಳದುದ್ದದಲ್ಲಿ ಹಿಡಿದು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು, ಮೂಗು ದಪ್ಪವೆಂದು ಕೊರಗುತ್ತಾರೆ. ಮಸೂರಕ್ಕೆ ಹತ್ತಿರವಿರುವುದು ದೊಡ್ಡದಾಗಿಯೂ ದೂರವಿರುವುದು ಸಣ್ಣದಾಗಿಯೂ ಕಾಣುವುದು ನಿಯಮ. ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೂಗು. ಐದು ಅಡಿ ದೂರದಿಂದ ಕಾಣುವುದಕ್ಕಿಂತ ಹನ್ನೆರಡು ಅಂಗುಲ ದೂರದ ಚಿತ್ರದಲ್ಲಿ ಮೂಗಿನ ಅಗಲ ಪ್ರತಿಶತ ಸುಮಾರು 30ರಷ್ಟು ಹೆಚ್ಚಾಗಿ ತೋರುವುದೆಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕಹಾಕಿ ಪ್ರಕಟಿಸಿದ್ದಾರೆ. ದೋಷ ಮೂಗಿನದಲ್ಲ, ದೂರದ್ದು. ಹಾಗೆಯೇ ಮುಖ ಕಪ್ಪಾಗಿ ಬೀಳುವುದು ಬಹುಮಟ್ಟಿಗೆ ಸೂರ್ಯನನ್ನು ಬೆನ್ನಿಗಿಟ್ಟು ನಿಲ್ಲಿಸಿದ್ದರ ಫಲ. ಹಿಂದಿನ ಪ್ರಖರ ಬೆಳಕಿಗೆ ಯಂತ್ರವು ಹೊಂದಿಕೊಂಡರೆ ಎದುರಿನ ಮುಖ ಕತ್ತಲೆಗೆ ಸರಿಯುತ್ತದೆ. ನಮ್ಮ ಹುಡುಗ ತನ್ನ ಬಣ್ಣವನ್ನು ದೂಷಿಸಿಕೊಂಡ. ದೂಷಿಸಬೇಕಾಗಿದ್ದುದು ನಾವು ಬೆಂಚು ಹಾಕಿದ ದಿಕ್ಕನ್ನು. ಅಂದು ಅವನಿಗೆ ಇದನ್ನು ತಿಳಿಯಹೇಳುವವರು ಯಾರೂ ಇರಲಿಲ್ಲ, ನಗುವವರಿದ್ದರು. ಕೆಲವು ಚಿತ್ರಶಾಲೆಗಳಲ್ಲಿ ಕೇಳದೆಯೇ ಮುಖದ ಬಣ್ಣವನ್ನು ತಿಳಿಗೊಳಿಸಿ ಕೊಡುವ ಪದ್ಧತಿಯೂ ಇದೆ. ಅದನ್ನು ಉಪಕಾರವೆಂದು ತಿಳಿಯುವವರುಂಟು. ಆದರೆ “ನೀನಿರುವಂತೆ ನೀನು ಸಾಲದು” ಎಂದು ಮಗುವಿಗೆ ಮಾತಿಲ್ಲದೆ ಹೇಳುವ ಕ್ರೂರ ವಿಧಾನವದು ಎಂದು ನಾನು ಭಾವಿಸುತ್ತೇನೆ.

ನಿಲ್ಲುವ ಬಗೆಯನ್ನು ಕಲಿಯಲು ನಾವು ಹೊರನಾಡಿಗೆ ಹೋಗಬೇಕಾಗಿಲ್ಲ. ನಮ್ಮ ಶಿಲ್ಪಶಾಸ್ತ್ರವು ನಿಲುವುಗಳನ್ನು ಸಮಭಂಗ, ಆಭಂಗ, ತ್ರಿಭಂಗ, ಅತಿಭಂಗಗಳೆಂದು ವಿಂಗಡಿಸಿದೆ. ಎರಡೂ ಪಾದಗಳ ಮೇಲೆ ಸಮಭಾರವಿಟ್ಟು ನೆಟ್ಟಗೆ ನಿಲ್ಲುವುದು ಸಮಭಂಗ. ಒಂದು ಕಾಲಿನ ಮೇಲೆ ಭಾರವಿಟ್ಟು ದೇಹ ಕೊಂಚ ಬಳುಕುವುದು ಆಭಂಗ. ಮೂರೆಡೆ ಬಾಗುವುದು ತ್ರಿಭಂಗ. ಗೆಳೆಯರೊಡನೆ ಮಾತಾಡುತ್ತ ನಿಂತ ಯಾರನ್ನೇ ಗಮನಿಸಿರಿ, ಅವರು ಅರಿವಿಲ್ಲದೆಯೇ ಆಭಂಗದಲ್ಲಿರುತ್ತಾರೆ. ಬೇಲೂರಿನ ದರ್ಪಣಸುಂದರಿ ಕನ್ನಡಿಯನ್ನು ನೋಡುತ್ತಿದ್ದಾಳೆ, ನಮ್ಮನ್ನು ಮರೆತಿದ್ದಾಳೆ. ಆದುದರಿಂದಲೇ ನಾವು ಅವಳನ್ನು ಮರೆಯಲಾರೆವು. ಹಾಗೆಂದು ನೆಟ್ಟಗೆ ನಿಲ್ಲುವುದೇ ತಪ್ಪೆಂದು ಯಾರೂ ಭಾವಿಸಬಾರದು. ಶ್ರವಣಬೆಳಗೊಳದ ಗೊಮ್ಮಟನಿಗಿಂತ ನೆಟ್ಟಗೆ ನಿಂತವರು ಯಾರು? ಸುಮಾರು 981ರಿಂದ ಆತ ಬಯಲಿನಲ್ಲಿ ಸರ್ವಜನರ ನೋಟಕ್ಕೆ ತೆರೆದುಕೊಂಡು ನಿಂತಿದ್ದಾನೆ. ಹೆಗಲುಗಳಲ್ಲಿ ಬಿಗಿತವಿಲ್ಲ, ಹುಬ್ಬಿನಲ್ಲಿ ಗಂಟಿಲ್ಲ, ತುಟಿಯಲ್ಲಿ ಇದ್ದೂ ಇಲ್ಲದಂತಹ ಸ್ಮಿತ. ನಿಲುವು ನೆಟ್ಟಗಿದ್ದರೂ ಮನಸ್ಸು ಸಡಿಲವಾಗಿರಬಲ್ಲುದು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಕೆಲವು ಸಂಗತಿಗಳನ್ನು ಸಂಗ್ರಹಿಸಿ ಹೇಳುವುದಾದರೆ ಅವು ಇಷ್ಟು. ಉಸಿರನ್ನು ಬಿಗಿಹಿಡಿಯದೆ ನಿಧಾನವಾಗಿ ಹೊರಬಿಡಿ. ಉಸಿರಿನೊಡನೆ ಹೆಗಲೂ ಇಳಿಯುತ್ತದೆ. ಒಂದು ಕಾಲಿನ ಮೇಲೆ ಭಾರವಿರಲಿ. ಕೈಗಳಿಗೆ ಉದ್ಯೋಗ ಕೊಡಿ. ಒಂದು ಪುಸ್ತಕ, ಒಂದು ಚೆಂಡು, ಗೆಳೆಯನ ಹೆಗಲು ಯಾವುದಾದರೂ ಆದೀತು. ಕಣ್ಣುಗಳು ಗಾಜನ್ನಲ್ಲ, ಅದರ ಹಿಂದಿರುವ ಮನುಷ್ಯನನ್ನು ನೋಡಲಿ. ಗಾಜನ್ನು ನೋಡಿದರೆ ದಿಟ್ಟಿ ಜಡವಾಗುತ್ತದೆ, ಮನುಷ್ಯನನ್ನು ನೋಡಿದರೆ ಜೀವಗೊಳ್ಳುತ್ತದೆ. ನಗೆ ಬಂದರೆ ನಗಿ. ಬಾರದಿದ್ದರೆ ಸಾಲ ತರಬೇಡಿ. ದಿನವೂ ಉಡುವ ಬಟ್ಟೆಯಲ್ಲಿ ಒಗೆದದ್ದೊಂದನ್ನು ಉಟ್ಟರೆ ಸಾಕು. ಎರವಲು ಕೋಟು ತೊಟ್ಟವನ ಮುಖದಲ್ಲಿ ಎರವಲಿನ ಅಳುಕು ಇದ್ದೇ ಇರುತ್ತದೆ.

ಇಷ್ಟೆಲ್ಲ ಭಾರವನ್ನು ನಿಂತವನ ಮೇಲೆ ಹೊರಿಸುವುದು ನ್ಯಾಯವಲ್ಲ. ಅರ್ಧಕ್ಕಿಂತ ಹೆಚ್ಚಿನ ಹೊಣೆ ಚಿತ್ರ ತೆಗೆಯುವವರದು. ಹೈದರಾಬಾದಿನ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಲಾಲಾ ದೀನ್ ದಯಾಳರು 1892ರಲ್ಲಿ ಗೋಷಾ ಸ್ತ್ರೀಯರಿಗಾಗಿಯೇ ಪ್ರತ್ಯೇಕ ಚಿತ್ರಶಾಲೆಯೊಂದನ್ನು ತೆರೆದು, ಅದರ ಕಾರ್ಯಭಾರವನ್ನು ಒಬ್ಬ ಮಹಿಳೆಗೆ ಒಪ್ಪಿಸಿದರು. ಅಪರಿಚಿತ ಗಂಡಸಿನ ನೋಟದ ಎದುರಿಗೆ ಬಿಗಿದುಕೊಳ್ಳುವ ಮುಖ ಹೆಣ್ಣುಮಗಳೊಬ್ಬಳ ಎದುರಿಗೆ ಬಿಚ್ಚಿಕೊಂಡೀತು. ನೋಡಿಸಿಕೊಳ್ಳುವವರ ನೆಮ್ಮದಿಯೇ ಚಿತ್ರದ ಮೊದಲ ಸಾಮಗ್ರಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ನಮ್ಮ ಮೈಸೂರಿನವರಾದ ಟಿ. ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರ ನಿತ್ಯಜೀವನವನ್ನೇ ತಮ್ಮ ಕಲೆಯ ವಸ್ತುವಾಗಿ ಮಾಡಿಕೊಂಡರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾಗಿದ್ದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಾರ್ಯಾಲಯದಲ್ಲಿ ಪ್ರದರ್ಶಿತವಾದವು. ಜಗತ್ತು ಅಲ್ಲಿ ಕಂಡದ್ದು ಶೃಂಗರಿಸಿ ನಿಲ್ಲಿಸಿದ ಗೊಂಬೆಗಳನ್ನಲ್ಲ. ತಮ್ಮ ಪಾಡಿಗೆ ತಾವಿದ್ದ ಮಕ್ಕಳನ್ನು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಹೊತ್ತಿಲ್ಲದ ಹೊತ್ತಿನಲ್ಲಿ ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ಹುಚ್ಚು ಹಬ್ಬಿರುವ ಈ ಕಾಲದಲ್ಲಿ, ಅದಕ್ಕೆ ಶಾಲೆಯೂ ಇಂಬುಕೊಡಬೇಕೇ? ವಿನಯವನ್ನು ಕಲಿಸಬೇಕಾದವರು ಪ್ರದರ್ಶನವನ್ನು ಕಲಿಸಬಹುದೇ? ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಅಡಗಿಕೊಳ್ಳುವುದು ವಿನಯವಲ್ಲ. ದಿನಕ್ಕೆ ಐವತ್ತು ಸಲ ತನ್ನ ಮುಖವನ್ನು ಚಿತ್ರಿಸಿ ನಲವತ್ತೊಂಬತ್ತನ್ನು ಅಳಿಸಿಹಾಕುವವನೂ, ಗೆಳೆಯನ ಬೆನ್ನಿಗೆ ಮರೆಯಾಗುವವನೂ ನರಳುತ್ತಿರುವುದು ಒಂದೇ ರೋಗದಿಂದ. ಇಬ್ಬರಿಗೂ ತಮ್ಮ ಮುಖ ಸಾಲದು. ಒಬ್ಬನು ಅದನ್ನು ತಿದ್ದಹೊರಟಿದ್ದಾನೆ, ಇನ್ನೊಬ್ಬನು ಮುಚ್ಚಹೊರಟಿದ್ದಾನೆ. ಇರುವ ಮುಖವನ್ನು ಇರುವಂತೆ ಒಪ್ಪಿಕೊಂಡು, ಅದನ್ನು ಮರೆತು, ಎದುರಿನವರನ್ನು ನೋಡಬಲ್ಲವನೇ ನಿಜವಾದ ವಿನಯಶಾಲಿ. ಇನ್ನು ಪರೀಕ್ಷೆಯ ಪ್ರವೇಶಪತ್ರ, ಪಾಸ್‌ಪೋರ್ಟು ಮೊದಲಾದವುಗಳಿಗೆ ನಗೆಯಿಲ್ಲದ ಮುಖವೇ ಬೇಕೆಂಬ ನಿಯಮ ಇದ್ದೇ ಇದೆ. ಅವು ಗುರುತಿನ ಚಿತ್ರಗಳು. ಅವುಗಳ ಧರ್ಮವೇ ಬೇರೆ. ಅಲ್ಲಿಯೂ ನಿರ್ಭಾವಕ್ಕೂ ಭಯಕ್ಕೂ ಇರುವ ಅಂತರವನ್ನು ಮರೆಯಬಾರದು. ದುಃಖದ ಸಂಗತಿಯೆಂದರೆ ನಮ್ಮ ಎಷ್ಟೋ ಬಡಜನರ ಪಾಲಿಗೆ ಇಡೀ ಬಾಳಿನಲ್ಲಿ ಉಳಿಯುವ ಚಿತ್ರ ಅದೊಂದೇ.

ಇದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ. 1993ರಲ್ಲಿ ನಮ್ಮ ದೇಶದಲ್ಲಿ ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿ ಕೊಡುವ ಕ್ರಮ ಮೊದಲಾಯಿತು. ಮುಂದೆ ನಮ್ಮ ಹಳ್ಳಿಯ ಚಾವಡಿಯಲ್ಲಿಯೂ ಸಾಲು ನಿಂತಿತು. ನನ್ನ ತಾಯಿ ಬದುಕಿನಲ್ಲಿ ಮೊದಲ ಸಲ ಕ್ಯಾಮೆರಾದ ಎದುರಿಗೆ ಕುಳಿತದ್ದು ಅಂದೇ. “ಯವ್ವಾ, ಸೆರಗ ಹಿಂದ ಸರಸು. ಅಲುಗಾಡಬ್ಯಾಡ” ಎಂದ ಧ್ವನಿಗೆ ಬೆಚ್ಚಿ ಕಣ್ಣರಳಿಸಿದಳು, ಅಷ್ಟರಲ್ಲಿ ಬೆಳಕು ಮಿಂಚಿತು. ಆತನನ್ನು ನಾನು ದೂರಲಾರೆ. ದಿನಕ್ಕೆ ನೂರಾರು ಮುಖಗಳನ್ನು ಮುಗಿಸಬೇಕಾಗಿದ್ದ ದುಡಿಮೆಗಾರ ಆತ. ಅವಳು ತೀರಿಕೊಂಡಾಗ ಮನೆಯಲ್ಲಿ ಹುಡುಕಿದರೆ ಬೇರೊಂದು ಚಿತ್ರವಿರಲಿಲ್ಲ. ಹೆಬ್ಬೆರಳ ಉಗುರಿನಷ್ಟಿದ್ದ ಆ ಮುಖವನ್ನೇ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆವು. ಒಂದು ದಿನ ನನ್ನ ಮಗಳು ಅದನ್ನು ಬಹಳ ಹೊತ್ತು ನೋಡಿ, “ಅಜ್ಜಿ ಭಾಳ ಸಿಟ್ಟಿನಾಕಿ ಇದ್ದಳೇನಪ್ಪ?” ಎಂದು ಕೇಳಿದಳು. ರೊಟ್ಟಿ ಬಡಿಯುತ್ತ ಬೀಸುಕಲ್ಲಿನ ಪದಗಳನ್ನು ಗುನುಗುತ್ತಿದ್ದ, ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸದಿದ್ದ ನನ್ನ ಅವ್ವ ಮೊಮ್ಮಗಳ ಪಾಲಿಗೆ ಸಿಟ್ಟಿನ ಮುದುಕಿಯಾಗಿ ಉಳಿದಿದ್ದಾಳೆ. ಆ ಸಿಟ್ಟು ಅವಳದಲ್ಲ. ಅದು ಸೆಕೆಂಡಿನ ಒಂದು ಪಾಲಿನ ಅಂಜಿಕೆ. ಆದರೆ ಅದನ್ನು ಅಳಿಸುವ ಉಪಾಯ ನನ್ನಲ್ಲಿಲ್ಲ. ಭಾವಚಿತ್ರದಲ್ಲಿ ಭಾವವಿರಬೇಕೆಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಇದೇ ನಿಜವಾದ ಕಾರಣ.

ಈಗ ನಮ್ಮ ವಿದ್ಯಾಲಯದ ಹಿರಿಯರಲ್ಲಿ ಕೆಲವು ವಿಜ್ಞಾಪನೆಗಳು. ಸಮೂಹಚಿತ್ರವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆಸದೆ, ಬೆಳಗಿನ ಎಳೆಬಿಸಿಲಿನಲ್ಲಾಗಲಿ ಕಟ್ಟಡದ ನೆರಳಿನಲ್ಲಾಗಲಿ ತೆಗೆಸಬೇಕು. ಒಂದೇ ಪ್ರತಿಗೆ ತೃಪ್ತಿಪಡಬಾರದು. ಇಪ್ಪತ್ತು ಜನರ ಒಳಗಿನ ಗುಂಪಾದರೆ, ತಲೆಗಳ ಸಂಖ್ಯೆಯನ್ನು ಒಳ್ಳೆಯ ಬೆಳಕಿನಲ್ಲಿ ಮೂರರಿಂದಲೂ ಮಂದ ಬೆಳಕಿನಲ್ಲಿ ಎರಡರಿಂದಲೂ ಭಾಗಿಸಿದಷ್ಟು ಚಿತ್ರಗಳನ್ನು ತೆಗೆದರೆ, ಎಲ್ಲರ ಕಣ್ಣುಗಳೂ ತೆರೆದಿರುವ ಒಂದಾದರೂ ಸಿಕ್ಕೀತೆಂದು ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಕಟ್ಟಿದರು. ಅದಕ್ಕಾಗಿ 2006ರಲ್ಲಿ ಅವರಿಗೆ, ನಗಿಸಿ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆಂದು ಕೊಡುವ ‘ಇಗ್ ನೊಬೆಲ್’ ಪಾರಿತೋಷಕವೂ ದೊರೆಯಿತು. ನಲವತ್ತೈದು ಜನರ ನಮ್ಮ ತರಗತಿಗೆ ಒಂದೇ ಚಿತ್ರ ಸಾಕೆನ್ನುವುದು ಎಷ್ಟರ ಮಟ್ಟಿಗೆ ಸಾಧು? ಸಾಲು ನಿಲ್ಲಿಸಿದ ಚಿತ್ರದ ಜೊತೆಗೆ ಅದೇ ಮಕ್ಕಳು ಓದುತ್ತ, ಹಾಡುತ್ತ, ಗಿಡಗಳಿಗೆ ನೀರೆರೆಯುತ್ತ ಇರುವ ಚಿತ್ರಗಳನ್ನೂ, ಅವರನ್ನು ಕೇಳಿಯೇ, ತೆಗೆಸಬೇಕು. ಬಣ್ಣ, ಎತ್ತರ, ಹಲ್ಲು, ಬಟ್ಟೆಗಳ ಬಗ್ಗೆ ಆ ಹೊತ್ತಿನಲ್ಲಿ ಯಾರೊಬ್ಬರೂ ಚೇಷ್ಟೆಯ ಮಾತಾಡದಂತೆ ನೋಡಿಕೊಳ್ಳಬೇಕು. ಈ ಮಾತು ಅಧ್ಯಾಪಕರಾದ ನಮಗೂ ಅನ್ವಯಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯನ್ನು ಅಚ್ಚಿಗೆ ಕೊಡುವ ಮುನ್ನ ಹೆಸರುಗಳನ್ನಲ್ಲ, ಮುಖಗಳನ್ನು ಎಣಿಸಬೇಕು.

ಆ ಹುಡುಗ ಬೇಸಿಗೆಯ ನಂತರ ಅಂಕಪಟ್ಟಿ ಒಯ್ಯಲು ಬಂದಿದ್ದ. ಅದೇ ಬೇವಿನ ಮರದ ಕಟ್ಟೆಯ ಮೇಲೆ ಅವನನ್ನು ಕೂಡಿಸಿ, ಒಂದೆರಡು ಷಟ್ಪದಿ ಹೇಳೆಂದೆ. ಮೊದಲು ಸಂಕೋಚಪಟ್ಟ, ಎರಡನೆಯ ಪದ್ಯಕ್ಕೆ ಬರುವಷ್ಟರಲ್ಲಿ ಎದುರಿಗೆ ಯಾರಿದ್ದಾರೆಂಬುದನ್ನೇ ಮರೆತ. ಮುಗಿದ ಮೇಲೆ, “ಇನ್ನೊಮ್ಮೆ ಹೇಳುವಾಗ ಒಂದು ಚಿತ್ರ ತೆಗೆಯಲೇನಪ್ಪ?” ಎಂದು ಕೇಳಿದೆ. ಒಪ್ಪಿದ. ನನ್ನ ಕೈಫೋನಿನ ಹಳೆಯ ಯಂತ್ರ, ನನ್ನ ನಡುಗುವ ಕೈ. ಕಲೆಯೆನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವನು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. “ಇದನ್ನ ನಮ್ಮವ್ವಗ ತೋರಸ್ತೇನ್ರಿ ಸರ, ನನಗ ಕಳಸ್ರಿ” ಎಂದ. ಛಲೋ ಬಂದಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಎಂದಿನಂತೆ ನಮ್ಮ ಸಮೂಹಚಿತ್ರಗಳು ಅಚ್ಚಾಗಿವೆ. ವಾಚಕರು ಪುಟ ಮಗುಚುವ ಮುನ್ನ ಒಂದು ಕ್ಷಣ ನಿಂತು, ಹಿಂದಿನ ಸಾಲನ್ನು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಮರೆಯಲ್ಲಿ ನಿಂತವರು ಎಲ್ಲ ವರ್ಷಗಳಲ್ಲಿಯೂ ಇದ್ದಾರೆ. ಮುಂದಿನ ಸಂಚಿಕೆಯಲ್ಲಿಯಾದರೂ ನಲವತ್ತೈದು ಹೆಸರುಗಳಿಗೆ ನಲವತ್ತೈದು ಮುಖಗಳಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.